ಮದುವೆಯ ಬೆಳಿಗ್ಗೆ ಬಾಚಿದವರು

ಅವ್ವಾ,

ಇವತ್ತು ನನ್ನ ಮದುವೆಯಾಯಿತು! ಅಮೋಘ್ ಎಷ್ಟು ಚೆಂದ ಕಾಣುತ್ತಿದ್ದ ಗೊತ್ತಾ! ಆದರೆ ಬೆಳಿಗ್ಗೆ ನನ್ನ ಜೀವವೇ ಹೋಗಿತ್ತು. ಅವನ ಕಡೆಯವರೆದುರು ನಮ್ಮ ಸಿದ್ದಿ ಜನರ ಗುಂಗುರು ಕೂದಲು ಕಾಣುವುದೇ ಬೇಡವೆಂದು ಇಲ್ಲಿ ಕೆನಡಾದ ಮಿಸಿಸಾಗದ ಪಾರ್ಲರೊಂದರಲ್ಲಿ ಸ್ಟ್ರೇಟ್ ಮಾಡಿಸಲು ಕೂತೆ. ಕೂದಲು ಸುಟ್ಟ ವಾಸನೆ ಬಂತು. ಮುಹೂರ್ತಕ್ಕೆ ಎರಡೇ ಗಂಟೆಯಿತ್ತು. ಅಳುತ್ತಾ ಪಕ್ಕದ ಸಲೂನಿಗೆ ಓಡಿದೆ. ಅಲ್ಲಿನ ಜಮೈಕಾದ ಮಾರ್ಸಿಯಾ ಆಂಟಿ ನೀರು ಚಿಮುಕಿಸಿ, ಎಣ್ಣೆ ಹಚ್ಚಿ, ಥೇಟ್ ನಿನ್ನಂತೆ ಬೆರಳಲ್ಲೇ ಸಿಕ್ಕು ಬಿಡಿಸಿದರು. ಸುರುಳಿಗಳನ್ನೇ ಎತ್ತಿಕಟ್ಟಿ ಮಲ್ಲಿಗೆ ಸುತ್ತಿದರು.

"ಚಿಕ್ಕವಳಿದ್ದಾಗ ಯಾರಮ್ಮಾ ಬಾಚ್ತಿದ್ರು?"

"ನಮ್ಮವ್ವ."

"ಮತ್ತೆ ಇವತ್ತು ನನ್ನ ಹತ್ರ ಯಾಕೆ ಬಂದೆ, ಹುಚ್ಚಿ? ಅವರೆಲ್ಲಿ?"

"ವೀಸಾ ಸಿಗಲಿಲ್ಲ" ಅಂದೆ. ಅಮೋಘನ ಮನೆಯವರಿಗೂ ಇದೇ ಸುಳ್ಳು ಹೇಳಿದ್ದೆ.

ಅವ್ವಾ, ಈ ಪತ್ರ ಕಳಿಸಿದರೆ ನನಗೆ ಮದುವೆಯಾಯಿತೆಂದು ನಿನಗೆ ಗೊತ್ತಾಗಿಬಿಡುತ್ತದೆ.