ರೂತಿ ಅಂದರೆ ಓಗೊಟ್ಟವಳಿಗೆ

ಅಮ್ಮಾ,

ಕ್ಷಮಿಸು, ಫೋನ್ ಇರುವಾಗ ಪತ್ರ ಯಾಕೆ ಅಂತ ಗಾಬರಿಯಾಗಬೇಡ. ಫೋನ್ ಮಾಡಿದರೆ ನನ್ನ ಪಕ್ಕ ಅಜ್ಜಿ ಇರುತ್ತಾರೆ, ನಿನ್ನ ಪಕ್ಕ ನೀನು ನೋಡಿಕೊಳ್ಳುವ ಇಸ್ರೇಲಿನ ಆ ಅಜ್ಜಿ. ಕನ್ನಡದಲ್ಲಿ ಇಷ್ಟೆಲ್ಲ ಬರೆದು ಅಭ್ಯಾಸವಿಲ್ಲ, ಅಡ್ಜಸ್ಟ್ ಮಾಡಿಕೋ.

ಫಸ್ಟ್ ಇಯರ್ ಸೇರಿದ ಮೇಲೆ ಭಾನುವಾರ ಶಿವಮೊಗ್ಗದ ಹಾಸ್ಟೆಲ್‌ನಿಂದ ಭದ್ರಾವತಿಗೆ ಹೋಗುತ್ತೇನಲ್ಲ, ಆಗ ನಾನೂ ಅಜ್ಜಿಯೂ ಮೊಬೈಲ್‌ನಲ್ಲಿ ಹೀಬ್ರೂ ಪದ ಹುಡುಕುತ್ತೇವೆ. ನೀರು ಮಾಯಿಮ್, ಮನೆ ಬಾಯಿತ್. ನಿನ್ನ ತಮ್ಮ ಗುರು ಮಾಮನ ಹೆಸರು ಹಾಕಿದರೆ ಮೋರೆ ಅಂತ ಬಂತು. "ಅವನ ಮೋರೆಗೆ ಸರಿಯಾಗೇ ಇದೆ ಬಿಡು" ಅಂತ ಅಜ್ಜಿ ನಕ್ಕರು. ಅಮ್ಮ ಅಂದರೆ ಇಮಾ. ನಿನ್ನ ಹೆಸರು ಪುಷ್ಪ ಅಂದರೆ ಪೆರಹ್.

ಅಜ್ಜಿಯ ಹಾರ್ಟ್ ಆಪರೇಷನ್ ತಡ ಮಾಡಬೇಡಿ ಅಂತ ಡಾಕ್ಟರ್ ಹೇಳಿದ್ದಾರೆ. ಅಜ್ಜಿ ಮಾತ್ರ, "ಪುಷ್ಪ ಬರ್ಲಿ, ಆಮೇಲೆ ಏನಾದ್ರೂ ಕುಯ್ಕೊಳ್ಳಿ" ಅನ್ನುತ್ತಾರೆ. ಕೇಳಿದಾಗಲೆಲ್ಲ ನೀನು, "ನೋಡೋಣ ಪುಟ್ಟಿ, ಇವ್ರನ್ನ ಒಬ್ರೇ ಬಿಟ್ಟು ಹೆಂಗ್ ಬರ್ಲಿ?" ಅನ್ನುತ್ತೀಯ. ಕಳೆದ ವಾರ ಅಜ್ಜಿಯೇ, "ಆ ಯಮ್ಮಂಗೆ ಅವ್ರ ಭಾಷೇಲೇ ಹೇಳೇ ಮಾರಾಯ್ತಿ, ನನ್ ಮಗಳನ್ನ ಕಳ್ಸು ಅಂತ" ಎಂದರು.

ಅರ್ಜೆಂಟ್ ಇದ್ದರೆ ಅಂತ ನೀನು ಕೊಟ್ಟಿದ್ದ ಆ ಮನೆಯ ನಂಬರಿಗೆ, ಹೊರಗೆ ಗೇಟಿನ ಹತ್ತಿರ ನಿಂತು ಮಾಡಿದೆ. ಆ ಇಸ್ರೇಲಿನ ಅಜ್ಜಿಯೇ ಎತ್ತಿದರು. ಪೆರಹ್ ಅಂದೆ. ಅಂಥವರು ಇಲ್ಲ ಅನ್ನುವಂತೆ "ಲೋ, ಲೋ" ಅಂದರು. ಇಂಡಿಯಾ ಅಂದೆ. ಆಗ ನಕ್ಕು, "ರೂತಿ!" ಅಂತ ಕೂಗಿದರು. ದೂರದಿಂದ ನೀನು ಏನೋ ಅಂದೆ. ಅದರಲ್ಲಿ ನನಗೆ ತಿಳಿದದ್ದು ಒಂದೇ ಪದ: ಇಮಾ.

ಕಟ್ ಮಾಡಿಬಿಟ್ಟೆ. ಯಾರೂ ಎತ್ತಲಿಲ್ಲ ಅಂತ ಅಜ್ಜಿಗೆ ಹೇಳಿದೆ.

ರೂತಿ ಅಂದರೆ ಆ ಅಜ್ಜಿಯ ತೀರಿಹೋದ ಮಗಳು ಅಂತ ಒಮ್ಮೆ ನೀನೇ ಫೋಟೋ ತೋರಿಸಿದ್ದೆ. ಕೋಪವಿಲ್ಲ ಅಮ್ಮ. ನಾನೂ ಸ್ಕೂಲಿನ ಹಾಸ್ಟೆಲ್‌ನಲ್ಲಿ ವಾರ್ಡನ್ನರನ್ನು ಅಮ್ಮ ಅಂತ ಕರೆದೇ ಬೆಳೆದೆ. ಜ್ವರ ಬಂದಾಗ ಹಣೆ ಮುಟ್ಟಿ ನೋಡುತ್ತಿದ್ದವರು ಅವರು. ಹಾಗಂತ ನಿನ್ನನ್ನು ಮರೆತಿರಲಿಲ್ಲ. ಆದರೆ ಅಲ್ಲಿರುವ ಆ ಅಮ್ಮನ ಮಗಳು ಇನ್ನು ಬರಲಾರಳು. ಇಲ್ಲಿರುವ ನಿನ್ನ ಅಮ್ಮನ ಮಗಳು ಬರಬಹುದು.

ನೀನು ಬರುತ್ತೀಯ ಅಂತ ಸುಳ್ಳು ಹೇಳಿ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸೋಣ ಅನ್ನುತ್ತಾರೆ ಗುರು ಮಾಮ. ಅಜ್ಜಿ ನನ್ನ ಮುಖ ನೋಡಿಯೇ ನಂಬುವುದು. ಆ ಸುಳ್ಳು ಹೇಳಲು ನನಗೆ ಭಯ. ಅದು ನಿಜ ಆಗುತ್ತದೋ ಇಲ್ಲವೋ, ನೀನೇ ತಿಳಿಸು.

ದೇವರು ಆ ಅಜ್ಜಿಯನ್ನೂ ಚೆನ್ನಾಗಿಟ್ಟಿರಲಿ. ದಯವಿಟ್ಟು ಬೇಗ ಉತ್ತರ ಬರಿ.

ನಿನ್ನ ಮಗಳು,
ಸ್ಪಂದನಾ