ವಿಠಲನಿಗೆ ಸಲ್ಲಬೇಕಾದ ಸೋಲು

ಮಾನ್ಯ ಕ್ರೀಡಾಧಿಕಾರಿಗಳೇ,

ಕಳೆದ ತಿಂಗಳು ಕಾರ್ಕಳದಲ್ಲಿ ನಡೆದ ಯುವಕ ಮಂಡಲಗಳ ಕ್ರೀಡಾಕೂಟದಲ್ಲಿ, ಹಗ್ಗಜಗ್ಗಾಟದ ಅಂತಿಮ ಸ್ಪರ್ಧೆಯಲ್ಲಿ ಸೋತಿದ್ದ ಕಾಪುವಿನ ತಂಡವನ್ನು ತಾವು ಗೆಲ್ಲಿಸಿದಿರಿ. ಈ ಅನ್ಯಾಯವನ್ನು ಪ್ರತಿಭಟಿಸಲು ಬರೆಯುತ್ತಿದ್ದೇನೆ. ಗೆದ್ದವರ ಕಡೆಯವನೇ ದೂರು ತರುವುದು ತಮ್ಮ ಕಚೇರಿಗೆ ಹೊಸತಿರಬಹುದು. ಸೋತವರ ದೂರುಗಳಿಗೆ ಅಲ್ಲಿ ಯಾವ ಗತಿಯೆಂಬುದನ್ನು ಬಲ್ಲೆನಾದ್ದರಿಂದ ಪತ್ರಿಕೆಯ ಮೂಲಕವೇ ಬರೆಯಬೇಕಾಯಿತು.

ನಮ್ಮ ಹಗ್ಗದ ತುದಿಯನ್ನು ಹಿಡಿದಿದ್ದವನು ವಿಠಲ, ತಂಡದ ನಾಯಕ ತಾರಾನಾಥನ ತಮ್ಮ. ದೇಹ ಇಪ್ಪತ್ತೈದು ದಾಟಿದ ಯುವಕನದು. ತಿಳಿವಳಿಕೆ ಮಾತ್ರ ಚಿಕ್ಕ ಬಾಲಕನದು. ಆತನಿಗೆ ಹಗ್ಗವನ್ನು ಕಲಿಸಿದ್ದು ಯಾವ ವ್ಯಾಯಾಮ ಶಿಕ್ಷಕನೂ ಅಲ್ಲ, ಕಾಪುವಿನ ಕಡಲ ದಡದ ಕೈರಂಪಣಿ. ಕಡಲಿಗೆ ಬೀಸಿದ ಆ ಬಲೆಯ ಹಗ್ಗವನ್ನು ಊರವರು ಸಾಲಾಗಿ ನಿಂತು, ಹಿಂದಕ್ಕೆ ನಡೆಯುತ್ತ ಎಳೆಯುತ್ತಾರೆ. ಸಾಲಿನ ಕೊನೆಯವನು ಮರಳ ದಿಬ್ಬವನ್ನು ಮುಟ್ಟಿದೊಡನೆ ಹಗ್ಗವನ್ನು ಬಿಟ್ಟು, ನೀರಿನಂಚಿಗೆ ಓಡಿ, ಎಲ್ಲರಿಗಿಂತ ಮುಂದೆ ನಿಂತು ಮತ್ತೆ ಹಿಡಿಯಬೇಕು. ಬಲೆ ದಡ ಸೇರುವ ತನಕ ಈ ಸುತ್ತು ನಿಲ್ಲುವುದಿಲ್ಲ. ಹಗ್ಗಕ್ಕೆ ಕೈ ಹಾಕಿದವನಿಗೆಲ್ಲ ಮೀನಿನಲ್ಲಿ ಪಾಲು ಉಂಟು. ಅವನ ಬುದ್ಧಿ ಎಷ್ಟೆಂದು ಅಲ್ಲಿ ಇದುವರೆಗೆ ಯಾರೂ ಅಳೆದಿಲ್ಲ. ಯಂತ್ರದ ದೋಣಿಗಳು ಬಂದ ಮೇಲೆ ಬಲೆಗಳು ಕಡಮೆಯಾದುವು. ಆದರೂ ವಿಠಲನ ಪಾಲು ತಪ್ಪಿರಲಿಲ್ಲ.

ಅಂತಿಮ ಸ್ಪರ್ಧೆಯಲ್ಲಿ ಪಡುಬಿದ್ರಿಯವರಿಗೂ ನಮಗೂ ಒಂದೊಂದು ಎಳೆತ ಸಂದು, ಮೂರನೆಯದು ನಿರ್ಣಾಯಕವಾಗಿತ್ತು. ನಮ್ಮವರು ಹಿಂದಕ್ಕೆ ಸರಿಯುತ್ತ ಬಂದರು. ವಿಠಲನ ಹಿಮ್ಮಡಿಗೆ ಮೈದಾನದ ಅಂಚಿನ ಮಣ್ಣಿನ ಏರಿ ತಗುಲಿತು. ಆತ ತಾನು ಬಲ್ಲ ಧರ್ಮವನ್ನು ಪಾಲಿಸಿದ. ಹಗ್ಗ ಬಿಟ್ಟು, ಸಾಲಿನ ಪಕ್ಕದಲ್ಲಿ ಓಡಿ, ನಡುಗೆರೆಯನ್ನೂ ದಾಟಿ, ಪಡುಬಿದ್ರಿಯ ನಾಯಕನ ಮೂಗಿನೆದುರು ನಿಂತು ಹಗ್ಗವನ್ನು ಹಿಡಿದ.

"ಹಿಂದೆ ಹೋಗು ಮಾರಾಯ, ಇದು ಬಲೆ ಅಲ್ಲ" ಎಂದು ತಾರಾನಾಥ ಕೂಗಿದ.

ಜನ ನಕ್ಕರು. ನಾನೂ ನಕ್ಕೆ, ನಗುವಂತೆಯೇ ಇತ್ತು. ತೀರ್ಪುಗಾರರು ಸೀಟಿ ಊದಿ, ಎಳೆತ ಪಡುಬಿದ್ರಿಯವರದೆಂದು ಕೈಯೆತ್ತಿದರು. ನಿಯಮ ಅದೇ. ನಾವು ಸೋತಿದ್ದೆವು.

ಆಗ ತಾವು ವೇದಿಕೆಯಿಂದ ಇಳಿದು ಬಂದಿರಿ. ಧ್ವನಿವರ್ಧಕವನ್ನು ಕೈಗೆತ್ತಿಕೊಂಡು, "ಪಾಪ, ಇಂಥವರ ತಪ್ಪನ್ನು ಲೆಕ್ಕಕ್ಕೆ ಹಿಡಿಯಬಾರದು. ಇವರು ಹಿಡಿದರೆ ಆಟ ಹಾಳಾಗುತ್ತದೆ, ನಿಜ. ಆದರೆ ಇದು ಅಂತಾರಾಷ್ಟ್ರೀಯ ಅಂಗವಿಕಲರ ವರ್ಷ" ಎಂದಿರಿ. ಆತನ ಹೆಗಲಿಗೆ ಒಂದು ಶಾಲು ಹೊದಿಸಿ ಕುರ್ಚಿಯಲ್ಲಿ ಕೂರಿಸಿದಿರಿ. ಬದಲಿ ಆಟಗಾರನನ್ನು ನಿಲ್ಲಿಸಿ ಎಳೆತವನ್ನು ಮತ್ತೊಮ್ಮೆ ನಡೆಸಿದಿರಿ. ಪಡುಬಿದ್ರಿಯ ನಾಯಕ "ಫೌಲ್ ಅಂದ್ರೆ ಫೌಲ್ ಅಲ್ವಾ ಸರ್?" ಎಂದು ಕೇಳಿದ್ದು ತಮ್ಮ ಕರುಣೆಯ ಗದ್ದಲದಲ್ಲಿ ಕೇಳಿಸಲಿಲ್ಲ. ನಮ್ಮವರು ಎಳೆದರು, ಗೆದ್ದರು. ಗೆಲುವು ಎದುರಿಗಿರುವಾಗ ಬೇಡವೆನ್ನುವ ಯುವಕರನ್ನು ನಾನು ಕಂಡಿಲ್ಲ. ನಾನು ಆಕ್ಷೇಪಿಸಿದಾಗ ತಾವು, "ಪಂಡಿತರೇ, ಫಲಕ ಸಿಕ್ಕಿತಲ್ಲ, ಇನ್ನೆಂತ ಬೇಕು?" ಎಂದಿರಿ. ಈ ಪತ್ರ ಆ ಪ್ರಶ್ನೆಗೆ ಉತ್ತರ.

ಮಾನ್ಯರೇ, ತಪ್ಪು ಮಾಡಬಲ್ಲವನಿಗೆ ಮಾತ್ರ ಆಟದಲ್ಲಿ ಸ್ಥಾನವಿರುತ್ತದೆ. ಮೈದಾನಕ್ಕೆ ನಾಯಿ ನುಗ್ಗಿದರೆ ಅದು ಯಾರ ತಪ್ಪೂ ಆಗುವುದಿಲ್ಲ. ಅದನ್ನು ಹೊರಗಟ್ಟಿ ಆಟವನ್ನು ಮತ್ತೆ ಆರಂಭಿಸುತ್ತಾರೆ. ತಾವು ಮಾಡಿದ್ದು ಇದಕ್ಕಿಂತ ಹೇಗೆ ಭಿನ್ನ? ಶಾಲು ಹೊದಿಸಿದ್ದೊಂದೇ ಭೇದವೆ? ಬರುವ ವರ್ಷದಿಂದ ಇಂಥವರಿಗೆ ಊಟದ ಬಿಡುವಿನಲ್ಲಿ ಪ್ರತ್ಯೇಕವಾದ ವಿನೋದದ ಓಟವೊಂದನ್ನು ಇರಿಸಿ, ಓಡಿದವರಿಗೆಲ್ಲ ಬಹುಮಾನ ಕೊಡುವುದೆಂದೂ, ಉಳಿದ ಸ್ಪರ್ಧೆಗಳಿಗೆ ಅವರನ್ನು ಸೇರಿಸಕೂಡದೆಂದೂ ತಾವು ಸುತ್ತೋಲೆ ಹೊರಡಿಸಿದ್ದೀರಿ. ಯಾರ ವಿನೋದಕ್ಕಾಗಿ? ಅನ್ನ ಉಣ್ಣುತ್ತಿರುವವರ ವಿನೋದಕ್ಕೆ ತಾನೆ? ಎಲ್ಲರೂ ಗೆಲ್ಲುವ ಓಟದಲ್ಲಿ ಓಡಲು ತಮ್ಮ ಮಕ್ಕಳನ್ನು ಕಳುಹಿಸುವಿರಾ?

ಪ್ರತ್ಯೇಕ ತರಬೇತಿಯನ್ನು ನಾನು ವಿರೋಧಿಸುತ್ತಿಲ್ಲ. ಇಂಥವರಿಗೆ ತಾಳ್ಮೆಯಿಂದ, ಮತ್ತೆ ಮತ್ತೆ ಆಡಿಸಿ ಕಲಿಸಬೇಕು. ಬಲೆಯ ಹಗ್ಗ ಬೇರೆ, ಮೈದಾನದ ಹಗ್ಗ ಬೇರೆಯೆಂದು ವಿಠಲನಿಗೆ ಹೇಳಿಕೊಟ್ಟವರಿರಲಿಲ್ಲ. ಕಲಿಸದೆ ಇದ್ದುದು ನಮ್ಮ ಕೊರತೆ. ಕಲಿಯಲಾರನೆಂದು ಊರಿಗೆಲ್ಲ ಸಾರಿದ್ದು ತಮ್ಮದು.

ಆ ಸಾರಿಕೆಯ ಫಲವನ್ನು ಕೇಳಿ. ಮರುದಿನ ಬಲೆ ಬಂದಾಗ ವಿಠಲ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ.

"ಬಾ, ಹಗ್ಗ ಭಾರ ಉಂಟು" ಎಂದ ತಾರಾನಾಥ.

"ನಾನು ಹಿಡಿದರೆ ಹಾಳಾಗ್ತದೆ. ಮೈಕಿನಲ್ಲಿ ಹೇಳಿದ್ದಾರೆ."

"ಅವನಿಗೆ ಶಾಲು ಸಿಕ್ಕಿದೆ ಮಾರಾಯ, ಇನ್ನು ನಮ್ಮ ಹಗ್ಗ ಎಂತಕ್ಕೆ?" ಎಂದು ಸಾಲಿನಲ್ಲಿ ಯಾರೋ ನಕ್ಕರು.

ಬಲೆ ಬಂದ ಮೇಲೆ ಎಂದಿನಂತೆ ಆತನ ಪಾಲನ್ನು ತೆಗೆದಿರಿಸಿದರು. ಎಳೆಯದವನಿಗೆ ಪಾಲಿಲ್ಲವೆಂಬುದು ಆತನಿಗೆ ಗೊತ್ತು. ಮೀನನ್ನು ಮರಳ ಮೇಲೆಯೇ ಬಿಟ್ಟು ಮನೆಗೆ ನಡೆದ. ಕಾಗೆಗಳು ತಿಂದುವು. ಅಂದಿನಿಂದ ದಡಕ್ಕೆ ಬರುತ್ತಾನೆ, ನಿಲ್ಲುತ್ತಾನೆ, ಹಗ್ಗವನ್ನು ಮುಟ್ಟುವುದಿಲ್ಲ. ಆತನ ತಾಯಿ ಮೋಹಿನಿ ನನ್ನ ಜಗಲಿಯಲ್ಲಿ ಕುಳಿತು ಹೇಳಿದ್ದನ್ನು ಒಂದಕ್ಷರವನ್ನೂ ತಿದ್ದದೆ ಬರೆಯುತ್ತೇನೆ: "ಮಾಸ್ಟ್ರೇ, ಸೋತು ಬಂದಿದ್ದರೆ ಎರಡು ದಿನ ಅತ್ತು ಸುಮ್ಮನಾಗ್ತಿದ್ದ. ಇವನು ಸೋತೂ ಇಲ್ಲ, ಗೆದ್ದೂ ಇಲ್ಲ. ಎಂತ ಆಗಿ ಬಂದ ಅಂತ ನನಗೇ ಗೊತ್ತಾಗ್ತಾ ಇಲ್ಲ."

ಆದಕಾರಣ ನಮ್ಮ ಬೇಡಿಕೆ ಇಷ್ಟು. ಸುತ್ತೋಲೆಯನ್ನು ಹಿಂತೆಗೆದುಕೊಳ್ಳಿ. ಇಂಥವರಿಗೆ ಆಟ ಕಲಿಸಲು ತಿಳಿದವರೊಬ್ಬರನ್ನು ಕಾಪುವಿಗೂ ಕಳುಹಿಸಿ. ಕಲಿತವರನ್ನು ಉಳಿದವರ ಜೊತೆಯಲ್ಲಿಯೇ, ಅದೇ ನಿಯಮಕ್ಕೆ ಒಳಪಡಿಸಿ, ಆಡಿಸಿ. ಫಲಕ ಪಡುಬಿದ್ರಿಯವರದು, ಬರುವ ಸೋಮವಾರ ತಾರಾನಾಥ ಅದನ್ನು ತಮ್ಮ ಕಚೇರಿಗೆ ತಂದೊಪ್ಪಿಸುವನು. ವಿಠಲನನ್ನೂ ಕರೆತರುವನು. ತಾವು ದಯಮಾಡಿ ಆತನಿಗೆ ಕುರ್ಚಿ ಕೊಡಬೇಡಿ, ತಲೆ ಸವರಬೇಡಿ. ಎದುರಿಗೆ ನಿಲ್ಲಿಸಿ, ಆಟಗಾರನೊಬ್ಬನಿಗೆ ಹೇಳುವ ಕಠಿಣ ದನಿಯಲ್ಲಿಯೇ ಹೇಳಿ: "ನೀನು ಗೆರೆ ದಾಟಿದೆ. ನಿನ್ನಿಂದ ತಂಡ ಸೋತಿತು. ಬರುವ ವರ್ಷ ಸರಿಯಾಗಿ ಆಡು."

ಇಂತಿ,
ತಮ್ಮ ಕೃಪೆಯಿಂದ ಗೆದ್ದು ತಲೆತಗ್ಗಿಸಿದ ಊರಿನ
ನಿವೃತ್ತ ಕನ್ನಡ ಪಂಡಿತ,
ಹೃಷೀಕೇಶ ಉಪಾಧ್ಯಾಯ
ಕಾಪು, ಡಿಸೆಂಬರ್ ೧೯೮೧