ಕಿಟಕಿ ಬಳಿಯ ಮೇಜು

ಅರಕಲಗೂಡು
ಭಾನುವಾರ

ರಜನೀಶ್ ಅವರಿಗೆ,

ಫೋನಿನಲ್ಲಿ ನನಗೆ ಇಷ್ಟು ಮಾತು ಬರುವುದಿಲ್ಲ, ಅದಕ್ಕೇ ಪತ್ರ. ನಾನೇ ಬೆಸುಗೆ ಹಾಕಿ ಜೋಡಿಸಿದ ನಾನೂರು ರೂಪಾಯಿಯ ಟೆಸ್ಟರ್ ಕಿಟ್ ಕೆಲಸ ಮಾಡಿತು! ಯಾವ ಎಲೆಕ್ಟ್ರಾನಿಕ್ ಬಿಡಿಭಾಗ ಸಿಕ್ಕಿಸಿದರೂ ಅದೇನು, ಸರಿಯಿದೆಯೇ ಎಂದು ತೋರಿಸುತ್ತದೆ.

ನಿನ್ನೆ ನಿಮ್ಮ ಅಮ್ಮ ಬಳೆ ಅಳತೆಗೆ ಬಂದಿದ್ದರು. ನಿಶ್ಚಿತಾರ್ಥದ ದಿನ ಅವರು "ಮದ್ವೆ ಆದ್ಮೇಲೆ ರಿಪೇರಿ ಗಿಪೇರಿ ಬ್ಯಾಡ ಕಣವ್ವ" ಎಂದಾಗಿನಿಂದ ನನಗೆ ಸರಿಯಾಗಿ ಊಟ ಸೇರಿರಲಿಲ್ಲ. ಅಳತೆ ಮುಗಿಸಿ, ಬ್ಯಾಗಿನಿಂದ ನಿಮ್ಮ ಮನೆಯ ಫ್ಯಾನಿನ ಕಂಡೆನ್ಸರ್ ತೆಗೆದರು.

"ಫ್ಯಾನು ಆಮೆ ಅಂಗೆ ತಿರುಗ್ತದೆ. ಮೋಟ್ರೇ ಓಗ್ಯದೆ ಅಂತಾನೆ ರಿಪೇರಿಯವ್ನು. ನೋಡು ನೀನು."

ಕಿಟ್‌ಗೆ ಸಿಕ್ಕಿಸಿದರೆ, ಎರಡೂವರೆ ಮೈಕ್ರೋಫ್ಯಾರಡ್ ಇರಬೇಕಾದದ್ದು ಬರೀ ಮುಕ್ಕಾಲು ತೋರಿಸಿತು; ಕೆಟ್ಟದ್ದು ಮೋಟರಲ್ಲ, ಕಂಡೆನ್ಸರ್. ನನ್ನ ಡಬ್ಬದಲ್ಲಿದ್ದ ಹೊಸದೊಂದನ್ನು ಕೊಟ್ಟು ಕಳಿಸಿದೆ.

ಇಂದು ಬೆಳಿಗ್ಗೆ ಅವರದೇ ಫೋನು. "ಲೇ ಪೂರ್ಣಿಮಾ, ಫ್ಯಾನ್ ಗಾಳಿಗೆ ಗೋಡೆ ಕ್ಯಾಲೆಂಡರೆಲ್ಲ ಆರೋಗ್ತಾವೆ ಕಣೆ! ಪಕ್ಕದ್ಮನೆಯೋಳು ಆಗ್ಲೇ ಮಿಕ್ಸಿ ಇಡ್ಕಂಡು ನಿಂತವ್ಳೆ. ನಡುಮನೆ ಕಿಟ್ಕಿ ತಾವ ನಿಂಗೊಂದು ಮೇಜು ಆಕುಸ್ತೀನಿ."

"ಆಗಲಿ ಅತ್ತೆ" ಎಂದುಬಿಟ್ಟೆ. ಹಾಗೆ ಕರೆದದ್ದು ಅದೇ ಮೊದಲು.

ಆ ಕಿಟಕಿಯ ಬಳಿ ಎರಡು ಪ್ಲಗ್ ಪಾಯಿಂಟ್ ಬೇಕು. ಮದುವೆಗೆ ಮೊದಲೇ ಹಾಕಿಸಿಡಿ.

ಇಂತಿ ನಿಮ್ಮ,
ಪೂರ್ಣಿಮಾ